ಧಾರವಾಡದಿಂದ ಟ್ಯೂಬಿಂಗನ್‌ಗೆ: ಪೇಡೆ ಬಿಟ್ಟು, ಕಡಕ್ ರೊಟ್ಟಿ ಕಟ್ಟಿಕೊಂಡು

ಜರ್ಮನಿಯ ಟ್ಯೂಬಿಂಗನ್‌ಗೆ ಹೊರಡಲು ಚೀಲ ಕಟ್ಟುವ ದಿನ ಮನೆಯಲ್ಲಿ ಜಗಳವಾಗಿದ್ದು ಪೇಡೆಗೆ. ಅತ್ತಿ ಲೈನ್ ಬಜಾರಿಗೆ ಹೋಗಿ ಎರಡು ಕಿಲೋ ತಂದಿದ್ದರು. "ಧಾರವಾಡದಾಕಿ ಪೇಡೆ ಇಲ್ದ ಹೋಗೂದಂದ್ರ ಹೆಂಗವಾ?" ಅಂತ ಅವರ ಪ್ರಶ್ನೆ. ಆದರೆ ನಮ್ಮಂಥ ದೇಶಗಳಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಅದು ಯುರೋಪಿನ ನಿಯಮ. ಪೇಡೆ, ತುಪ್ಪ ಎರಡೂ ಮನೆಯಲ್ಲೇ ಉಳಿದವು. ಆ ಜಾಗಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಬಂದವು. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಡಿ. ನಾನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದೆ, ಫ್ರಾಂಕ್‌ಫರ್ಟ್ ಮುಟ್ಟುವ ಹೊತ್ತಿಗೆ ಎಲ್ಲ ನುಚ್ಚಾಗಿತ್ತು.

ಟ್ಯೂಬಿಂಗನ್ ಅಂದಕೂಡಲೇ ಅಪ್ಪನಿಗೆ ನೆನಪಾದದ್ದು ಕಿಟೆಲ್. 1853ರಲ್ಲಿ, 21ನೇ ವಯಸ್ಸಿಗೆ ನಮ್ಮ ಕಡೆ ಬಂದು, ಕನ್ನಡ ಕಲಿತು, 1894ರಲ್ಲಿ ನಿಘಂಟು ಕೊಟ್ಟ ಆ ಮನುಷ್ಯ 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ನನಗೂ ಆಗ 21. ನಾನು ಹೊರಟದ್ದು ನಿಘಂಟು ಬರೆಯೋಕಲ್ಲ ಬಿಡಿ, ಒಂದು ಸೆಮಿಸ್ಟರ್ ಓದೋಕೆ.

ದುಡ್ಡಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಟ್ಯೂಬಿಂಗನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1500 ಯೂರೋ ಬೋಧನಾ ಶುಲ್ಕ ಇದೆ. ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಎರಡು ವಿಶ್ವವಿದ್ಯಾಲಯಗಳ ವಿನಿಮಯ ಒಪ್ಪಂದದಲ್ಲಿ ಹೋದವರಿಗೆ ಅದು ಮಾಫಿ. ವೀಸಾಕ್ಕೆ ಮಾತ್ರ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ತುಂಬಬೇಕಾಯಿತು. ಹೆಸರೇ ಹೇಳುವಂತೆ ದುಡ್ಡು ನಮ್ಮದೇ, ಕೀಲಿ ನಮ್ಮ ಕೈಯಲ್ಲಿಲ್ಲ; ಅಲ್ಲಿ ಮುಟ್ಟಿದ ಮೇಲೆ ತಿಂಗಳಿಗಿಷ್ಟು ಅಂತ ನಮ್ಮ ಖಾತೆಗೆ ಬಿಡುತ್ತಾರೆ.

ನಾನು ಮುಟ್ಟಿದ್ದು 2025ರ ಸೆಪ್ಟೆಂಬರ್ 27, ಶನಿವಾರ ರಾತ್ರಿ. ಇದು ಮೊದಲ ತಪ್ಪು. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ. ಕಿರಾಣಿ ಇಲ್ಲ, ತರಕಾರಿ ಇಲ್ಲ. ಬೆಳಿಗ್ಗೆ ಒಂದು ಬೇಕರಿ ತೆರೆದಿತ್ತು, ನಾನು ಏಳುವ ಹೊತ್ತಿಗೆ ಅದೂ ಬಾಗಿಲು ಹಾಕಿತ್ತು. ಇಡೀ ದಿನ ರೊಟ್ಟಿ ನುಚ್ಚಿಗೆ ಚಟ್ನಿಪುಡಿ ಕಲಸಿ, ನಲ್ಲಿ ನೀರು ಚಿಮುಕಿಸಿ ತಿಂದೆ. ಸಂಜೆ ಅವ್ವ ಫೋನ್ ಮಾಡಿ "ಏನ್ ತಿಂದಿ?" ಅಂದಾಗ "ಪಾಸ್ತಾ" ಅಂದುಬಿಟ್ಟೆ.

ಸೋಮವಾರದಿಂದ ಕಾಗದಗಳ ಹಿಂದೆ ಓಡಾಟ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಅನ್‌ಮೆಲ್ಡುಂಗ್ ಅಂತಾರೆ. ಬಾಡಿಗೆ ಕರಾರು ತೋರಿಸಿದರೆ ಸಾಲದು, 'ಇವಳು ನಮ್ಮ ಮನೆಗೆ ಬಂದಿದ್ದಾಳೆ' ಅಂತ ಮಾಲೀಕರು ಸಹಿ ಮಾಡಿದ ಬೇರೆ ಫಾರ್ಮ್ ಬೇಕು. ನನಗದು ಗೊತ್ತಿರಲಿಲ್ಲ, ಒಂದು ಸಲ ವಾಪಸ್ ಬಂದೆ. ನಾನು ಹೋದ ಬ್ಯಾಂಕ್ ಆ ನೋಂದಣಿ ಚೀಟಿ ಇಲ್ಲದೆ ಖಾತೆ ತೆರೆಯಲಿಲ್ಲ. ಖಾತೆ ಇಲ್ಲದೆ ಬ್ಲಾಕ್ಡ್ ಅಕೌಂಟಿನ ದುಡ್ಡು ಬಿಡಲಿಲ್ಲ. ಮೂರು ವಾರ ನಡೆದದ್ದು ನಾನು ಒಯ್ದಿದ್ದ 500 ಯೂರೋ ನಗದಿನಲ್ಲಿ. ಹೋಗುವವರು ಅಷ್ಟಾದರೂ ಕೈಯಲ್ಲಿಟ್ಟುಕೊಳ್ಳಿ. ಆ ಫಾರ್ಮ್ ಅನ್ನು ಊರಿಂದ ಹೊರಡುವ ಮೊದಲೇ ಕೇಳಿಬಿಡಿ.

ನೋಂದಣಿಯಾದ ಮೇಲೆ ರೇಡಿಯೋ ಶುಲ್ಕದ, ಅಂದರೆ ಸಾರ್ವಜನಿಕ ರೇಡಿಯೋ-ಟಿವಿಗೆ ಮನೆಮನೆಯೂ ಕಟ್ಟುವ ಹಣದ ಪತ್ರವೂ ಬರುತ್ತದೆ. ಜಾಹೀರಾತು ಅಂದುಕೊಂಡು ನಾನು ಎಸೆದೆ. ಎರಡನೇ ಪತ್ರ ಬಂತು. ಮನೆಗೆ ತಿಂಗಳಿಗೆ 18.36 ಯೂರೋ, ನಾವು ಮೂವರಿದ್ದೆವು, ತಲೆಗೆ 6.12. ಅಲ್ಲಿ ಲಕೋಟೆ ಅಂದರೆ ಸುಮ್ನೆ ಅಲ್ಲ, ತೆರೆದು ನೋಡಲೇಬೇಕು.

ಇನ್ನು ಭಾಷೆ. ಜರ್ಮನ್ ಭಾಷೆಯನ್ನು ಎ2 ಅನ್ನೋ ಆರಂಭದ ಎರಡನೇ ಹಂತದ ತನಕ ಕಲಿತು ಹೋಗಿದ್ದೆ. ಆದರೆ ಕೆಳಗಿನ ಮನೆಯ ಮಾಲೀಕರ ಅಜ್ಜಿ ಆಡುತ್ತಿದ್ದದ್ದು ಶ್ವೇಬಿಷ್, ಆ ಕಡೆಯ ಆಡುಮಾತಿನ ಜರ್ಮನ್. ಪುಸ್ತಕದ 'ನಿಖ್ಟ್' ಅವರ ಬಾಯಲ್ಲಿ 'ನೆಟ್'. 'ಇಷ್ ಹಾಬೆ' ಹೋಗಿ 'ಇ ಹಾನ್'. 'ಏನು ಮಾಡುತ್ತಿದ್ದೀರಿ' ಅಂತ ಕಲಿತವರ ಮುಂದೆ ನಮ್ಮವರು 'ಏನ್ ಮಾಡಾಕತ್ತೀರಿ' ಅಂದರೆ ಹೇಗೋ ಹಾಗೆ. ನನ್ನ ಜೊತೆಗಿದ್ದ, ಜರ್ಮನಿಯದೇ ಊರಾದ ಹ್ಯಾಂಬರ್ಗಿನ ಹುಡುಗಿಗೂ ಅರ್ಧ ತಿಳಿಯುತ್ತಿರಲಿಲ್ಲ. ಅದನ್ನು ಕೇಳಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ!

ಎರಡನೇ ವಾರ ನಮ್ಮ ಬಾಗಿಲ ಹಿಡಿಕೆಗೆ ಯಾರೋ ಒಂದು ಪುಟ್ಟ ಮರದ ಹಲಗೆ ನೇತುಹಾಕಿದ್ದರು. ಮೇಲೆ 'ಕೇರ್‌ವೋಖ' ಅಂತ ಬರೆದಿತ್ತು. ಅಲಂಕಾರ ಇರಬೇಕು ಅಂತ ಖುಷಿಪಟ್ಟು ಫೋಟೋ ತೆಗೆದು ಅವ್ವನಿಗೂ ಕಳಿಸಿದೆ. ಭಾನುವಾರ ಮೆಟ್ಟಿಲ ಹತ್ತಿರ ಅಜ್ಜಿ ಬೆರಳಿನಿಂದ ಕಟಾಂಜನ ಒರೆಸಿ, ಆ ಬೆರಳನ್ನು ನನಗೆ ತೋರಿಸಿ, ಏನೂ ಮಾತಾಡದೆ ಒಳಗೆ ಹೋದರು. ರಜೆ ಮುಗಿಸಿ ಬಂದ ಹ್ಯಾಂಬರ್ಗಿನವಳು ಹಲಗೆ ನೋಡಿ ಬಿದ್ದು ಬಿದ್ದು ನಕ್ಕಳು. ಅದು ಕಸ ಗುಡಿಸುವ ಪಾಳಿ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು, ಮನೆ ಮುಂದಿನ ಫುಟ್‌ಪಾತ್ ಅವರದ್ದು.

ದಿನಾ ಅಂಗಳ ಕಸ ಹೊಡೆದು ಬೆಳೆದವಳು ನಾನು. ಅವಮಾನವಾಯಿತು. ಅವತ್ತೇ ಗುಡಿಸೋಣ ಅಂದರೆ ಭಾನುವಾರ ಗದ್ದಲ ಮಾಡಬಾರದಂತೆ. ಸೋಮವಾರ ಬೆಳಿಗ್ಗೆ ಆರಕ್ಕೆ ಎದ್ದೆ. ಮೇಲಿಂದ ಕೆಳಗಿನ ತನಕ ಮೆಟ್ಟಿಲು ಒರೆಸಿದೆ. ಕಟಾಂಜನ ಒರೆಸಿದೆ. ಫುಟ್‌ಪಾತಿನ ಎಲೆಗಳನ್ನೆಲ್ಲ ಬಳಿದೆ. ಅಜ್ಜಿ ಬಂದರು, ಬೆರಳಾಡಿಸಿದರು, ಬೆರಳು ನೋಡಿಕೊಂಡರು, ಹೋದರು.

"ಏನೂ ಅನ್ನಲೇ ಇಲ್ಲ" ಅಂದೆ.

"ಇಲ್ಲಿಯವರು ಬೈಯಲಿಲ್ಲ ಅಂದ್ರೆ ಹೊಗಳಿದ ಹಾಗೆ" ಅಂದಳು ಹ್ಯಾಂಬರ್ಗಿನವಳು.

ನಾನು ಹಲಗೆ ಬಿಚ್ಚಿ ಎದುರಿನ ಮನೆಯ ಬಾಗಿಲಿಗೆ ಸಿಕ್ಕಿಸಿ ಬಂದೆ.