ಮಳೆಗೆ ಮೊದಲು ಒಂದು, ಮಳೆ ಬಿಟ್ಟಮೇಲೆ ಒಂದು

ನಮ್ಮ ಮನೆ ಇರುವುದು ಸೋಮವಾರಪೇಟೆಯಿಂದ ಮಾದಾಪುರದ ಕಡೆ ಹೋಗುವಾಗ ಸಿಗುವ ಕಾಫಿ ತೋಟವೊಂದರಲ್ಲಿ. ಜೂನ್ ಹಿಡಿದರೆ ಸೆಪ್ಟೆಂಬರ್ ಮುಗಿಯುವತನಕ ಇಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ, ಮೂಲೆಯಲ್ಲಿಟ್ಟ ಚರ್ಮದ ಚಪ್ಪಲಿ ಹಸಿರಾಗುತ್ತದೆ. ಇಂಥ ಜಾಗದಲ್ಲಿ ಏಳು ಗಿಟಾರ್ ಇಟ್ಟುಕೊಂಡಿದ್ದೀಯಲ್ಲ, ನಿನಗೆ ತಲೆ ಸರಿ ಇದೆಯಾ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ.

ಏಳರಲ್ಲಿ ದುಬಾರಿಯದು ಒಂದೇ. ಉಳಿದವು ಹಾಗೂ ಹೀಗೂ ಮನೆ ಸೇರಿದವು. ಕಾಲೇಜಿಗೆ ಹೋಗುವಾಗ ಮೈಸೂರಿನಲ್ಲಿ ಕೊಂಡ ಸಾದಾ ಅಕೌಸ್ಟಿಕ್, ಒಂದು ಯಮಹಾ ಎಫ್310, ನೈಲಾನ್ ತಂತಿಯ ಕ್ಲಾಸಿಕಲ್, ಯಾರೋ ಊರು ಬಿಡುವಾಗ ಕೊಟ್ಟುಹೋದ ಹನ್ನೆರಡು ತಂತಿಯದು, ಸನ್‌ಬರ್ಸ್ಟ್ ಬಣ್ಣದ ಎಲೆಕ್ಟ್ರಿಕ್, 2016ರಲ್ಲಿ ಸೆಕೆಂಡ್ ಹ್ಯಾಂಡ್ ತಂದ ಬೀಟೆ ಬೆನ್ನಿನ ಗಿಟಾರ್. ಇವಕ್ಕೆಲ್ಲ ಹಿರಿಯದು ನಮ್ಮ ಸೋದರಮಾವನ ಹವಾಯಿಯನ್ ಗಿಟಾರ್. ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಸರಳು ಜಾರಿಸಿ ನುಡಿಸುವಂಥದ್ದು. 1940ರ ದಶಕದಲ್ಲಿ ಹವಾಯಿಯ ಟಾವ್ ಮೋ ಕೋಲ್ಕತ್ತಾದಲ್ಲಿ ನೆಲೆಸಿ ಕಲಿಸಿದಮೇಲೆ ಆ ವಾದ್ಯ ನಮ್ಮ ದೇಶದಲ್ಲಿ ಬೇರುಬಿಟ್ಟಿತು. ಸಿನಿಮಾ ಹಾಡುಗಳಲ್ಲೂ ಆಕಾಶವಾಣಿಯಲ್ಲೂ ಕೇಳಿಸಿತು. ಕೊನೆಗೆ ಅದರದೊಂದು ತುಣುಕು ನಮ್ಮ ಮಾವನ ಕೋಣೆಗೂ ಬಂತು. ಮಾವ ಹೋದಮೇಲೆ ಅವ್ವ ಅದನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದಲ್ಲಿ ಇಟ್ಟಿದ್ದಳು. ನಾನು ಇಳಿಸಿದಾಗ ಮೇಲ್ಪಲಗೆಯಲ್ಲಿ, ತಂತಿಗಳನ್ನು ಹೊಟ್ಟೆಗೆ ಸೇರಿಸುವ ಬ್ರಿಜ್‌ನ ಪಕ್ಕದಲ್ಲಿ, ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು.

ಈ ಗಿಟಾರುಗಳ ಫೋಟೊ ತೆಗೆಯಲು ಶುರುಮಾಡಿದ್ದು ತೋರಿಸಿಕೊಳ್ಳಲಿಕ್ಕೇ, ಸುಳ್ಳೇಕೆ. ಮೊದಲ ವರ್ಷದ ಫೋಟೊಗಳನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸನ್ನು ಅತಿ ಅಗಲ ನೋಟದ 18ಕ್ಕೆ ಇಟ್ಟು ಹತ್ತಿರದಿಂದ ತೆಗೆದರೆ ಗಿಟಾರ್, ಕತ್ತು ತೆಳುವಾದ ಬೂದುಗುಂಬಳದ ಹಾಗೆ ಕಾಣುತ್ತದೆ, ಹೊಟ್ಟೆ ಉಬ್ಬಿ ತಲೆ ಎಲ್ಲೋ ದೂರದಲ್ಲಿ. ಮೊಬೈಲಿನದೂ ಅದೇ ಕತೆ. ಹಿಂದೆ ಸರಿದು ಎರಡು ಪಟ್ಟು ಜೂಮ್ ಇಟ್ಟರೆ ಆಕಾರ ಸರಿಹೋಗುತ್ತದೆ. ನಾನು ಕೊನೆಗೆ 50 ಎಂಎಂ ಲೆನ್ಸಿಗೆ ಬಂದೆ. ನನ್ನ ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಕ್ಯಾಮೆರಾದಲ್ಲಿ ಇಡೀ ಗಿಟಾರ್ ಹಿಡಿಸಬೇಕಾದರೆ ಒಂಬತ್ತು, ಹತ್ತು ಅಡಿ ಹಿಂದೆ ನಿಲ್ಲಬೇಕು. ಒಳಕೋಣೆಯಲ್ಲಿ ಅಷ್ಟು ಜಾಗ ಇಲ್ಲ. ಹಾಗಾಗಿ ಜಗಲಿಯೇ ಸ್ಟುಡಿಯೊ ಆಯಿತು.

ಜಗಲಿ ಉತ್ತರಕ್ಕೆ ತೆರೆದಿದೆ, ನೇರ ಬಿಸಿಲು ಬೀಳುವುದಿಲ್ಲ. ಅದು ಅದೃಷ್ಟ. ತೊಂದರೆ ಏನೆಂದರೆ ಎದುರಿಗೆ ತೋಟ. ಬೆಳಕು ನೆರಳುಮರಗಳ ಎಲೆಯೊಳಗಿಂದ ಸೋಸಿ ಬರುವಾಗ ಹಸಿರು ಬಣ್ಣವನ್ನೂ ಹೊತ್ತು ತರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಫೋಟೊದಲ್ಲಿ ಸ್ಪ್ರೂಸ್ ಮರದ ಮೇಲ್ಪಲಗೆ ಕಾಮಾಲೆ ಹಿಡಿದವರ ಮುಖದಂತಿರುತ್ತದೆ. ಕ್ಯಾಮೆರಾ ತಾನೇ ಬಣ್ಣ ಸರಿಪಡಿಸಲು ಹೋಗಿ ಇನ್ನೂ ಕೆಡಿಸುತ್ತದೆ. ಈಗ ಪ್ರತಿ ಸಲ ಮೊದಲ ಫ್ರೇಮಿನಲ್ಲಿ ಗಿಟಾರ್ ಪಕ್ಕ ಬೂದು ಕಾರ್ಡ್ ಇಟ್ಟು, ಅದರ ಮೇಲೇ ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಸೆಟ್ ಮಾಡಿಕೊಳ್ಳುತ್ತೇನೆ. ಸ್ಪ್ರೂಸ್ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುವ ಮರ. ಎಷ್ಟು ತಿರುಗಿದೆ ಎಂದು ಹೋಲಿಸಬೇಕಾದರೆ ಇದನ್ನು ಬಿಡುವಂತಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಹೊಳಪು. ಪಾಲಿಶ್ ಮಾಡಿದ ಗಿಟಾರ್ ಎಂದರೆ ಕನ್ನಡಿಯೇ. ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ಅದರ ಹೊಟ್ಟೆಯಲ್ಲಿ ನಾನು, ನನ್ನ ಲುಂಗಿ, ಟ್ರೈಪಾಡ್, ಹಿಂದೆ ಒಣಹಾಕಿದ ಬಟ್ಟೆ, ಎಲ್ಲ ಇರುತ್ತಿತ್ತು. ಪೋಲರೈಸರ್ ಫಿಲ್ಟರ್ ತಂದೆ. ಅದನ್ನು ತಿರುಗಿಸುತ್ತ ಹೋದರೆ ವಾರ್ನಿಷ್ ಮೇಲಿನ ಹೊಳಪು ಕರಗಿ ಮರದ ಎಳೆ ಮೇಲೇಳುವುದನ್ನು ನೋಡುವುದೇ ಒಂದು ಸಂತೋಷ. ಆದರೆ ಅದು ಓರೆಯಾಗಿ ನೋಡುವಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ, ನೇರ ಎದುರಿಗೆ ನಿಂತರೆ ಇಲ್ಲ. ಲೋಹದ ಹೊಳಪಿಗಂತೂ ಅದರ ಆಟ ನಡೆಯುವುದೇ ಇಲ್ಲ. ಟ್ಯೂನಿಂಗ್ ಬಿರಡೆಗಳು, ಎಲೆಕ್ಟ್ರಿಕ್ ಗಿಟಾರಿನ ಬ್ರಿಜ್, ಇವಕ್ಕೆ ಅವು ಏನನ್ನು ಪ್ರತಿಫಲಿಸಬೇಕು ಎಂಬುದನ್ನು ನಾವೇ ಕೊಡಬೇಕು. ಬೆಳಕು ಬರುವ ಕಡೆ ಬಿಳಿ ಪಂಚೆಯೊಂದನ್ನು ಹಗ್ಗಕ್ಕೆ ಇಳಿಬಿಟ್ಟೆ, ಎದುರು ಬದಿಗೆ ಕಪ್ಪು ಕೊಡೆಯನ್ನು ಬಿಚ್ಚಿಟ್ಟೆ. ಪಂಚೆಯಿಂದ ಬೆಳಕು ಮೆತ್ತಗಾಯಿತು, ಕೊಡೆಯಿಂದ ಅಂಚಿಗೆ ಕಪ್ಪು ಗೆರೆ ಸಿಕ್ಕಿತು. ಕೊಡಗಿನಲ್ಲಿ ಕಪ್ಪು ಕೊಡೆಗೆ ಬರವೇ! ಐಎಸ್‌ಒ 100, ಅಪರ್ಚರ್ ಎಫ್8, ಎರಡು ಸೆಕೆಂಡಿನ ಟೈಮರ್. ಮೋಡದ ದಿನ ಶಟರ್ ಕಾಲು ಸೆಕೆಂಡಿಗೆ ಇಳಿಯುತ್ತದೆ, ಟ್ರೈಪಾಡ್ ಇಲ್ಲದೆ ಆಗುವುದಿಲ್ಲ.

ಅವ್ವ ಕಾಫಿ ತಂದು ಕೊಟ್ಟು, ಪಂಚೆ ಕೊಡೆಗಳ ನಡುವೆ ನಿಂತ ಗಿಟಾರನ್ನು ಮೇಲಿಂದ ಕೆಳಗೆ ನೋಡಿ, “ಎಂತದೋ ಇದು, ಹುಡುಗಿ ಫೋಟೊ ಗಂಡಿನ ಮನೆಗೆ ಕಳಿಸೋರ ಥರ,” ಎಂದಳು. “ನಿನ್ನ ಮದುವೆಲೂ ಇಷ್ಟು ತೆಗ್ಸಿರಲಿಲ್ಲ.”

ಬೀಟೆ ಗಿಟಾರಿನ ಬೆನ್ನನ್ನು ಹಿಡಿಯಲು ಮಾತ್ರ ಎರಡು ಚಳಿಗಾಲ ಬೇಕಾಯಿತು. ಎದುರಿನಿಂದ ಬೆಳಕು ಬಿದ್ದರೆ ಬೀಟೆ ಬರೀ ಕಪ್ಪು. ಬಲಬದಿಯಿಂದ, ಪಲಗೆಯನ್ನು ಸವರಿಕೊಂಡು ಹೋಗುವಂತೆ ಬೆಳಕು ಬಂದರೆ ಮಾತ್ರ ನೇರಳೆ, ಕಂದು ಪಟ್ಟಿಗಳು ಕಾಣುತ್ತವೆ. ಜನವರಿಯ ಬೆಳಿಗ್ಗೆ ಎಂಟು, ಎಂಟೂವರೆಗೆ, ಮಂಜು ಕರಗಿ ಕಾಫಿ ಕಣದ ಸಿಮೆಂಟಿನಿಂದ ಬೆಳಕು ಪುಟಿಯುವಾಗ ನನಗದು ಸಿಕ್ಕಿತು. ಗಿಟಾರನ್ನು ಅಜ್ಜಿಯ ಬೀಟೆ ಮಂಚದ ಮೇಲೆ ಮಲಗಿಸಿದ್ದೆ. ಎರಡೂ ಒಂದೇ ಮರ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಹಿಡಿದದ್ದು ಈ ನಮ್ಮ ಬೀಟೆಯನ್ನೇ. ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನು ದಕ್ಷಿಣ ಭಾರತದ ಕಾಡಿನದು. 2017ರ ಜನವರಿಯಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದಲ್ಲಿ ಆ ಮರದ ಕುಲವನ್ನೇ ನಿಯಂತ್ರಣದ ಪಟ್ಟಿಗೆ ಸೇರಿಸಿದರು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ನಮ್ಮ ತೋಟದಲ್ಲೂ ಎರಡು ಬೀಟೆ ಮರಗಳಿವೆ. ಅನುಮತಿಯಿಲ್ಲದೆ ಮುಟ್ಟುವಂತಿಲ್ಲ, ಮುಟ್ಟುವ ಮನಸ್ಸೂ ಇಲ್ಲ. ಮರ ಹಿತ್ತಿಲಿನದೇ ಆದರೂ ಅದರ ನಾದ ಕೇಳಲು ನಾನು ಬೆಂಗಳೂರಿಗೆ ಹೋಗಿ ದುಡ್ಡು ಕೊಡಬೇಕಾಯಿತು.

ಒಂದು ಸಲ ಅತಿಬುದ್ಧಿ ಮಾಡಿದೆ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್‌ಗೆ ಎಲೆಕ್ಟ್ರಿಕ್ ಗಿಟಾರನ್ನು ಒರಗಿಸಿ ತೆಗೆಯೋಣ ಎಂದು. ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಫೋಕಸ್ ನೋಡಲು ಬಗ್ಗಿದ್ದೇ ತಡ, ಗಾಳಿಯೂ ಬೇಕಾಗಲಿಲ್ಲ, ತಾನೇ ಜಾರಿ ಬೇರಿನ ಮೇಲೆ ಬಿತ್ತು. ತಲೆಯ ಹತ್ತಿರ ನೆಕ್ ಸೀಳಿತು. ಮೈಸೂರಿನ ರಿಪೇರಿಯವರು ಅಂಟು ಹಾಕಿ ಕ್ಲಾಂಪ್ ಬಿಗಿದು ಸರಿಮಾಡಿದರು. ಈಗಲೂ ನುಡಿಸುತ್ತೇನೆ, ಸೀಳಿನ ಗುರುತು ಹೆಬ್ಬೆರಳಿಗೆ ತಾಗುತ್ತದೆ. ಅಂದಿನಿಂದ ಮಲಗಿಸದೆ ತೆಗೆಯುವುದಾದರೆ ಸ್ಟ್ಯಾಂಡಿನಲ್ಲೇ ನಿಲ್ಲಿಸಿ, ನೆಕ್ಕಿಗೆ ಮೀನು ಹಿಡಿಯುವ ದಾರ ಕಟ್ಟಿ ಕಿಟಕಿ ಸರಳಿಗೆ ಬಿಗಿಯುತ್ತೇನೆ. ದಾರ ಫೋಟೊದಲ್ಲಿ ಕಾಣುವುದಿಲ್ಲ.

2018ರ ಆಗಸ್ಟ್ ಬಂತು. ಗುಡ್ಡಗಳು ಕುಸಿದ ಆ ವಾರಗಳಲ್ಲಿ ಗಿಟಾರಿನ ಚಿಂತೆ ಯಾರಿಗಿತ್ತು? ನಮ್ಮ ಮನೆ ಉಳಿಯಿತು, ಕರೆಂಟ್ ಮಾತ್ರ ಎಷ್ಟೋ ದಿನ ಇರಲಿಲ್ಲ. ಗಿಟಾರುಗಳನ್ನಿಟ್ಟ ಬೀರುವಿನಲ್ಲಿ ಮಳೆಗಾಲವಿಡೀ ಒಂದು 40 ವ್ಯಾಟ್ ಬಲ್ಬ್ ಉರಿಸುವುದು ನನ್ನ ಉಪಾಯವಾಗಿತ್ತು, ಅದು ಆರಿತು. ತಿಂಗಳ ಕೊನೆಗೆ ಬೀರು ತೆಗೆದರೆ ಕೇಸುಗಳ ವೆಲ್ವೆಟ್ ಮೇಲೆಲ್ಲ ಬೂಷ್ಟು. ಅಕೌಸ್ಟಿಕ್‌ಗಳ ಮೇಲ್ಪಲಗೆ ಉಬ್ಬಿ ತಂತಿಗಳು ಮೇಲೇರಿದ್ದವು. ಎಷ್ಟು ಏರಿದವು, ಸೀಳು ಮೊದಲೇ ಇತ್ತೇ, ಈಗ ಬಂತೇ? ಹೇಳಲು ಗೊತ್ತಾಗಲಿಲ್ಲ. ನೂರಾರು ಚೆಂದದ ಫೋಟೊಗಳಿದ್ದವು, ಒಂದೂ ಉಪಯೋಗಕ್ಕೆ ಬರಲಿಲ್ಲ. ಒಂದೊಂದೂ ಒಂದೊಂದು ಕೋನ, ಒಂದೊಂದು ಬೆಳಕು, ಮೇಲಾಗಿ ಸೀಳು ಕಾಣದಂತೆ ನಾನೇ ತಿರುಗಿಸಿಟ್ಟು ತೆಗೆದವು. ಲೆನ್ಸೊಳಗೂ ಜೇಡನ ಬಲೆಯಂತೆ ಫಂಗಸ್ ಹಬ್ಬಿತ್ತು. ಕ್ಯಾಮೆರಾವನ್ನೂ ಅದೇ ಬೀರುವಿನಲ್ಲಿ ಇಟ್ಟಿದ್ದೆ.

ಅಲ್ಲಿಂದ ಕ್ರಮ ಬದಲಾಯಿತು. ಮೇ ಮೂರನೇ ವಾರ ಒಮ್ಮೆ, ಅಕ್ಟೋಬರಿನಲ್ಲಿ ಮಳೆ ಬಿಟ್ಟಮೇಲೆ ಒಮ್ಮೆ, ಪ್ರತಿ ಗಿಟಾರಿಗೂ ಆರು ಫೋಟೊ. ಜಗಲಿಯ ನೆಲದಲ್ಲಿ ಟ್ರೈಪಾಡಿನ ಮೂರು ಕಾಲಿಗೆ ಪೇಂಟಿನ ಗುರುತಿದೆ, ಗಿಟಾರಿಗೂ ಇದೆ. ಎದುರು, ಬೆನ್ನು, ತಲೆ, ಬ್ರಿಜ್. ಐದನೆಯದು ತಲೆಯ ಕಡೆಯಿಂದ ನೆಕ್ ಉದ್ದಕ್ಕೆ ಕಣ್ಣಿಟ್ಟು ತೆಗೆಯುವುದು, ನೆಕ್ ಬಾಗಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಆರನೆಯದು ತಂತಿ ಎಷ್ಟು ಎತ್ತರದಲ್ಲಿದೆ ಎಂದು ನೋಡಲು, ನೆಕ್ ಮೇಲಿನ ಹನ್ನೆರಡನೇ ಲೋಹದ ಪಟ್ಟಿಯ (ಫ್ರೆಟ್) ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ. ಎಫ್310ರಲ್ಲಿ ಮೇ ತಿಂಗಳು 2.4 ಮಿಲಿಮೀಟರ್ ಎತ್ತರದಲ್ಲಿದ್ದ ದಪ್ಪ ತಂತಿ ಒಂದು ಅಕ್ಟೋಬರಿನಲ್ಲಿ 3.1 ಇತ್ತು. ಮೊದಲಾಗಿದ್ದರೆ ಕೈಗೆ ಅಭ್ಯಾಸ ತಪ್ಪಿದೆ ಅಂದುಕೊಂಡು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಈ ಫೋಟೊಗಳನ್ನು ಯಾರಿಗೂ ತೋರಿಸುವುದಿಲ್ಲ, ಅಷ್ಟು ಬೋರು.

ಬಲ್ಬನ್ನು ನಂಬುವುದನ್ನೂ ಬಿಟ್ಟೆ. ಪ್ರತಿ ಕೇಸಿನಲ್ಲಿ ತೇವ ಹೀರುವ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್. ಕಾಫಿ ಒಣಗಿದೆಯಾ ಎಂದು ಮಾಯಿಶ್ಚರ್ ಮೀಟರ್ ಇಟ್ಟು ನೋಡುವ ನಾವು ಗಿಟಾರನ್ನು ಮಾತ್ರ ಮೂಗಿನಿಂದ ಪರೀಕ್ಷಿಸುತ್ತಿದ್ದೆವು. ಗಾಳಿಯ ತೇವ ಶೇಕಡ 45ರಿಂದ 55ರ ನಡುವೆ ಇದ್ದರೆ ಗಿಟಾರ್ ನೆಮ್ಮದಿಯಾಗಿರುತ್ತದೆ. ನಮ್ಮ ಜುಲೈಯಲ್ಲಿ 60ರ ಒಳಗೆ ನಿಲ್ಲಿಸಿದರೆ ನಾನೂ ನೆಮ್ಮದಿಯಾಗಿರುತ್ತೇನೆ. ಅಗ್ಗದ ಹೈಗ್ರೋಮೀಟರ್ ಸುಳ್ಳು ಹೇಳಬಹುದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಲವು ಹನಿ ನೀರು ಹಾಕಿ ಕೆಸರಿನಂತೆ ಮಾಡಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. 70 ತೋರಿಸಿದರೆ ಯಾವಾಗಲೂ ಐದು ಸೇರಿಸಿ ಓದಿಕೊಂಡರಾಯಿತು. ಸಿಲಿಕಾ ಜೆಲ್ ಕಿತ್ತಳೆ ಬಣ್ಣದ್ದೇ ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ವಿಷ. ಯಾವುದೇ ಇರಲಿ, ಹೀರಿದ ತೇವ ಹೋಗಲಿ ಎಂದು ಅಡುಗೆಮನೆಯ ಬಾಣಲೆಯಲ್ಲಿ ಬಿಸಿಮಾಡಬೇಡಿ. ನಾನು ಮಾಡಿದ್ದೆ. ಆ ಬಾಣಲೆ ಈಗ ಗುಜರಿಯ ಪಾಲು, ಅದಕ್ಕೆ ಹೆಂಡತಿಯ ಕೈಲಿ ಬೈಸಿಕೊಂಡದ್ದು ಬೇರೆ.

ಬೂಷ್ಟು ಬಂದರೆ ಮನೆಯೊಳಗೆ ಒರೆಸಲು ಹೋಗುವುದಿಲ್ಲ. ಮಾಸ್ಕ್ ಹಾಕಿಕೊಂಡು ಕಣಕ್ಕೆ ಒಯ್ದು, ನೆರಳಿನಲ್ಲಿ ಮೆತ್ತನೆ ಬ್ರಷ್‌ನಿಂದ ಉದುರಿಸಿ, ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸುತ್ತೇನೆ. ಆಮೇಲೆ ಕೇಸನ್ನು ಬಿಸಿಲಿಗೆ, ಗಿಟಾರನ್ನಲ್ಲ.

ಮಾವನ ಗಿಟಾರಿನ ಸೀಳಿಗೆ ಮಾತ್ರ ಏಳನೆಯ ಫೋಟೊ ಉಂಟು, ಪಕ್ಕದಲ್ಲಿ ಸ್ಕೇಲ್ ಇಟ್ಟು. 2019ರಿಂದ 2021ರವರೆಗೆ ಅದು ಒಂದು ಅಕ್ಕಿಕಾಳಿನಷ್ಟು ಉದ್ದ ಬೆಳೆದಿತ್ತು. ತಂತಿಗಳನ್ನು ಎರಡು ಸ್ವರ ಇಳಿಸಿ ಶ್ರುತಿ ಮಾಡಿದೆ. ಮಾವ ನುಡಿಸುತ್ತಿದ್ದ ಎತ್ತರದ ಸದ್ದು ಅದರಲ್ಲೀಗ ಇಲ್ಲ, ಕೇಳಿದಾಗ ಅವ್ವ “ಗಂಟಲು ಕಟ್ಟಿದೆ” ಅನ್ನುತ್ತಾಳೆ. ಹೋದ ಅಕ್ಟೋಬರಿನ ಫೋಟೊವನ್ನು 2021ರದರ ಪಕ್ಕ ಇಟ್ಟು, ದೊಡ್ಡದು ಮಾಡಿ, ಸ್ಕೇಲಿನ ಗೆರೆ ಎಣಿಸಿದೆ. ಸೀಳು ಅಲ್ಲೇ ನಿಂತಿದೆ. ಮೈಸೂರಿಗೆ ಒಯ್ಯುವುದನ್ನು ಈ ವರ್ಷವೂ ಮುಂದಕ್ಕೆ ಹಾಕಿದ್ದೇನೆ.