ಜನರೇಟರ್ ಮಾರಿ ತೋಡಿನ ನೀರಿಗೆ ಟರ್ಬೈನ್ ಕಟ್ಟಿದ ಅನುಭವ

ಕೊಡಗಿನ ಕಕ್ಕಬ್ಬೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಯಾರನ್ನೂ ದೂರಿ ಫಲವಿಲ್ಲ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಗಾಳಿಗೆ ತಂತಿಯ ಮೇಲೆ ಮರ ಬಿದ್ದರೆ, ಆ ಮಳೆಯಲ್ಲೇ ಲೈನ್‌ಮನ್‌ಗಳು ಬಂದು ಕಡಿದು ತೆಗೆಯುವವರೆಗೆ ಕಾಯಲೇಬೇಕು. ಅಂಥ ದಿನಗಳಿಗೆಂದು ತಂದೆಯವರ ಕಾಲದ 10 ಕೆವಿಎ ಡೀಸೆಲ್ ಜನರೇಟರ್ ಇತ್ತು. ಅದಕ್ಕೆ ವಯಸ್ಸಾಗಿತ್ತು: ಕಪ್ಪು ಹೊಗೆ, ಆಯಿಲ್ ಸೋರಿಕೆ, ಬಿಡಿಭಾಗಕ್ಕೆ ಮೈಸೂರಿನವರೆಗೆ ಅಲೆದಾಟ. ಮನೆಗೂ ಕೆಲಸಗಾರರ ಲೈನ್ ಮನೆಗಳಿಗೂ ದೀಪ ಉರಿಸಲು ಅಷ್ಟು ದೊಡ್ಡ ಎಂಜಿನ್ ಓಡಿಸುವುದು ದಂಡ. ಲೋಡ್ ಕಡಿಮೆಯಾದಷ್ಟೂ ಪ್ರತಿ ಯೂನಿಟ್‌ಗೆ ಸುಡುವ ಡೀಸೆಲ್ ಹೆಚ್ಚು, ಒಳಗೆ ಕಟ್ಟುವ ಮಸಿಯೂ ಹೆಚ್ಚು.

ಅದನ್ನು ಮಾರಿ ಒಂದು ಕಿಲೋವ್ಯಾಟ್‌ನ ಜಲ ಟರ್ಬೈನ್ ಹಾಕುತ್ತೇನೆಂದಾಗ ಪಕ್ಕದ ತೋಟದವರು ನಕ್ಕರು. ಹತ್ತು ಇದ್ದಲ್ಲಿ ಒಂದೇ? ಲೆಕ್ಕ ಕಿಲೋವ್ಯಾಟ್‌ನದಲ್ಲ, ಯೂನಿಟ್‌ನದು: ಒಂದು ಕಿಲೋವ್ಯಾಟ್ ಒಂದು ಗಂಟೆ ಸಿಕ್ಕರೆ ಒಂದು ಯೂನಿಟ್. ಜನರೇಟರನ್ನು ಸಂಜೆ ಎರಡು ಗಂಟೆ ಓಡಿಸಿ, ಅದರ ಪೂರ್ತಿ ಶಕ್ತಿ ಬಳಸಿಕೊಂಡರೂ 20 ಯೂನಿಟ್ ದಾಟುವುದಿಲ್ಲ. ಒಂದು ಕಿಲೋವ್ಯಾಟ್ ಟರ್ಬೈನ್ ಹಗಲೂ ರಾತ್ರಿಯೂ ತಿರುಗಿದರೆ ದಿನಕ್ಕೆ 24 ಯೂನಿಟ್. ಕರೆಂಟ್ ಕೈಕೊಡುವ ತಿಂಗಳುಗಳಲ್ಲೇ ನಮ್ಮ ತೋಡು, ಅಂದರೆ ಸಣ್ಣ ಹಳ್ಳ, ತುಂಬಿ ಹರಿಯುತ್ತದೆ. ನಮ್ಮ ಕಾವೇರಿ 1902ರಲ್ಲೇ ಶಿವನಸಮುದ್ರದಲ್ಲಿ ಧುಮುಕಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟಿದ್ದಾಳೆ. ಅವಳ ತವರಿನ ನಾವು ಡೀಸೆಲ್ ಕ್ಯಾನ್ ಹಿಡಿದು ಬಂಕ್‌ಗೆ ಹೋಗುತ್ತಿದ್ದೆವು.

ಮೊದಲ ಕೆಲಸ ಅಳತೆ. ಬಕೆಟ್ ಮತ್ತು ಮೊಬೈಲ್ ಗಡಿಯಾರ ಹಿಡಿದು ನೀರಿನ ಹರಿವು ನೋಡಬಹುದು. ಎತ್ತರಕ್ಕೆ ನಾನು ಮೇಲಿನಿಂದ ಸಣ್ಣ ಪೈಪ್ ಇಳಿಸಿ, ನೀರು ತುಂಬಿಸಿ, ಕೆಳತುದಿಗೆ ಪ್ರೆಶರ್ ಗೇಜ್ ಕೂರಿಸಿದೆ. ಚದರ ಸೆಂಟಿಮೀಟರ್‌ಗೆ ಒಂದು ಕಿಲೋ ತೋರಿಸಿದರೆ ಹತ್ತು ಮೀಟರ್ ಎತ್ತರ. ನಮಗೆ ಸಿಕ್ಕಿದ್ದು ಸುಮಾರು 30 ಮೀಟರ್. ಸೆಕೆಂಡಿಗೆ 8 ಲೀಟರ್ ನೀರು ತೆಗೆದರೂ ತೋಡಿನಲ್ಲಿ ಧಾರಾಳವಾಗಿ ಉಳಿಯುತ್ತಿತ್ತು. ಇವೆರಡನ್ನೂ ಗುಣಿಸಿ, 9.8ರಿಂದ ಮತ್ತೆ ಗುಣಿಸಿದರೆ 2,350 ವ್ಯಾಟ್. ಇಂಥ ಸಣ್ಣ ಯಂತ್ರಗಳಲ್ಲಿ ಅರ್ಧ ಕೈಗೆ ಬಂದರೆ ಸಂತೋಷಪಡಬೇಕು.

ಟರ್ಬೈನ್‌ನ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ, ಪೈಪಿನ ಬಗ್ಗೆ ಯಾರೂ ಕೇಳುವುದಿಲ್ಲ. ಕಾಫಿ ಹೂ ಅರಳಲೆಂದು ನೀರು ಸಿಂಪಡಿಸಿ ಹೂಮಳೆ ಕೊಡಲು ತಂದ 63 ಮಿಲಿಮೀಟರ್ ಪೈಪ್ ಗೋದಾಮಿನಲ್ಲಿದೆಯಲ್ಲ, ಅದನ್ನೇ ಹಾಕಿ ಎಂದು ಫಿಟ್ಟರ್ ಹೇಳಿದ. 150 ಮೀಟರ್ ಉದ್ದಕ್ಕೆ ಅಷ್ಟು ನೀರನ್ನು ಅದರಲ್ಲಿ ನುಗ್ಗಿಸಿದರೆ ಒತ್ತಡದ ಅರ್ಧಕ್ಕೂ ಹೆಚ್ಚು ಪೈಪಿನ ಗೋಡೆಗೆ ಉಜ್ಜಿಯೇ ಹೋಗುತ್ತದೆ. 110 ಮಿಲಿಮೀಟರ್‌ನದಾದರೆ ನಷ್ಟ ಒಂದೆರಡು ಮೀಟರ್ ಮಾತ್ರ. ಅದನ್ನೇ ತಂದು ಚರಂಡಿ ತೋಡಿ ಹೂತೆವು. ಬಿಸಿಲಿಗೆ ಪಿವಿಸಿ ಪೆಡಸಾಗುತ್ತದೆ. ಆನೆಗಳಂತೂ ದಾರಿಗೆ ಅಡ್ಡ ಸಿಕ್ಕ ಪೈಪನ್ನು ನೋಡಿಕೊಂಡು ಕಾಲಿಡುವುದಿಲ್ಲ. ಎಲ್ಲಿಯೂ ಉಬ್ಬಿಲ್ಲದೆ ಒಂದೇ ಇಳಿಜಾರಿನಲ್ಲಿ ಹೂಳಬೇಕು, ಉಬ್ಬಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಕೆಳಗೆ ನಿಧಾನವಾಗಿ ಮುಚ್ಚುವ ಗೇಟ್ ವಾಲ್ವ್ ಇರಲಿ. ಥಟ್ಟನೆ ಮುಚ್ಚುವ ಬಾಲ್ ವಾಲ್ವ್ ಆದರೆ ನೀರಿನ ಹೊಡೆತಕ್ಕೆ ಕೀಲುಗಳು ಬಿಟ್ಟುಕೊಳ್ಳುತ್ತವೆ.

ಮೇಲೆ ನೀರು ಒಳಹೋಗುವ ಪೈಪಿನ ಬಾಯಿಗೆ ನಿಲುವಾಗಿ ಜಾಲರಿ ಇಟ್ಟರೆ ಸಿಲ್ವರ್ ಓಕ್ ಎಲೆಗಳು ಚಾಪೆಯಂತೆ ಮೆತ್ತಿಕೊಳ್ಳುತ್ತವೆ. ಓರೆಯಾಗಿ ಇಟ್ಟು, ನೀರು ಅದರ ಮೇಲೆ ಜಾರಿಹೋಗುವಂತೆ ಮಾಡಿದರೆ ಎಲೆ ತಾನಾಗಿ ಮುಂದಕ್ಕೆ ತೊಳೆದುಹೋಗುತ್ತದೆ. ಆದರೂ ಮೊದಲ ಮಳೆಗೆ ದಿನಕ್ಕೊಮ್ಮೆ ಕೈಯಾಡಿಸಬೇಕು.

ಹೆಚ್ಚಿನ ದೀಪಗಳನ್ನು ಆರಿಸಿದರೆ ಟರ್ಬೈನ್‌ಗೆ ಹೊರೆ ಇಳಿದು ವೇಗ ಏರುತ್ತದೆ, ವೋಲ್ಟೇಜೂ ಏರಿ ಉಳಿದ ಬಲ್ಬುಗಳು ಸುಡುತ್ತವೆ. ಅದಕ್ಕೇ ಲೋಡ್ ಕಂಟ್ರೋಲರ್: ಮಿಕ್ಕ ವಿದ್ಯುತ್ತನ್ನು ಅದು ಹೀಟರ್‌ಗೆ ತಿರುಗಿಸುತ್ತದೆ. ಸಾಮಾನ್ಯವಾಗಿ ಆ ಹೀಟರನ್ನು ಗಾಳಿಗೆ ಬಿಡುತ್ತಾರೆ. ನಾನು ಬಚ್ಚಲಿನ ನೀರಿನ ಟ್ಯಾಂಕಿಗೆ ಇಳಿಸಿ, ಒಳ್ಳೆಯ ಅರ್ತಿಂಗ್ ಕೊಡಿಸಿದೆ. ನೀರು ಮಾತ್ರ ಎಂದೂ ಹೀಟರ್‌ಗಿಂತ ಕೆಳಗಿಳಿಯಬಾರದು. “ಸಾಹುಕಾರರೇ, ಈ ವರ್ಷ ಒದ್ದೆ ಸೌದೆ ಊದುವುದು ತಪ್ಪಿತು” ಎಂದು ಅಡುಗೆಯಾಕೆ ಹೇಳಿದ್ದೇ ಈ ಯೋಜನೆಗೆ ಸಿಕ್ಕ ಮೊದಲ ಮೆಚ್ಚುಗೆ.

ಒಂದು ವಿಷಯದಲ್ಲಿ ಜುಗ್ಗತನ ಕೂಡದು. ಹೊರಗಿನ ಲೈನ್ ಮತ್ತು ನಮ್ಮ ಟರ್ಬೈನ್ ನಡುವೆ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಎರಡೂ ಒಟ್ಟಿಗೆ ಎಂದೂ ಸೇರಬಾರದು. ಇಲ್ಲವಾದರೆ ನಮ್ಮ ವಿದ್ಯುತ್ ಹಿಮ್ಮುಖವಾಗಿ ಹೋಗಿ ಟ್ರಾನ್ಸ್‌ಫಾರ್ಮರ್ ದಾಟಿ ಹೈ ವೋಲ್ಟೇಜ್ ಆಗಬಹುದು. ಮರ ತೆಗೆದು ತಂತಿ ಜೋಡಿಸುತ್ತಿರುವ ಲೈನ್‌ಮನ್‌ನ ಜೀವ ಹೋಗುತ್ತದೆ.

ಜನವರಿ ಕಳೆದರೆ ತೋಡು ಸೊರಗುತ್ತದೆ. ಆಗ ಟರ್ಬೈನ್‌ಗೆ ನೀರು ಚಿಮ್ಮಿಸುವ ಮೂತಿಗೆ, ಅಂದರೆ ನಾಜಲ್‌ಗೆ, ಸಣ್ಣದನ್ನು ಹಾಕಬೇಕು. ದೊಡ್ಡದನ್ನೇ ಬಿಟ್ಟರೆ ಪೈಪ್ ತುಂಬದೆ ಗಾಳಿ ಎಳೆದು ಒತ್ತಡ ಬೀಳುತ್ತದೆ. ಮಾರ್ಚ್‌ಗೆ ಅದೂ ನಿಲ್ಲುತ್ತದೆ. ಆ ತಿಂಗಳುಗಳಿಗೆ ಕಣದ ಪಕ್ಕದ ಗೋದಾಮಿನ ಮೇಲೆ ಒಂದು ಕಿಲೋವ್ಯಾಟ್ ಸೌರ ಫಲಕ, ಬ್ಯಾಟರಿ ಇವೆ. ಚೆನ್ನಾದ ಬಿಸಿಲಿಗೆ ದಿನಕ್ಕೆ ನಾಲ್ಕು ಯೂನಿಟ್ ಬರುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಮೋಟರ್‌ಗೆ ಇವೆರಡೂ ಸಾಲುವುದಿಲ್ಲ. ಅದರ ಕೆಲಸವಿರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಗಾಳಿಯಿಲ್ಲ, ಹೊರಗಿನ ತ್ರೀ ಫೇಸ್ ಲೈನ್ ನೆಟ್ಟಗಿರುತ್ತದೆ. ಪಲ್ಪರ್ ಈಗಲೂ ಅದರಲ್ಲೇ ಓಡುತ್ತದೆ.