ಲಾಬ್ಸ್ಟರ್ ರೋಲ್: ಬಿಸಿಯೋ ತಣ್ಣಗೋ, ಮೊದಲು ನಿರ್ಧರಿಸಿ

ಮನೆಯಲ್ಲಿ ಲಾಬ್ಸ್ಟರ್ ರೋಲ್, ಅಂದರೆ ಲಾಬ್ಸ್ಟರ್ ಎಂಬ ದೊಡ್ಡ ಕಡಲಜೀವಿಯ ಬೆಂದ ಮಾಂಸ ತುಂಬಿದ ಬನ್, ಮಾಡುವವರು ಇದೊಂದನ್ನು ಪಾಲಿಸಿ: ಮೇಯನೇಸ್ ಹಾಕುವುದಾದರೆ ಮಾಂಸ ಫ್ರಿಜ್‌ನಿಂದ ಈಗಷ್ಟೇ ತೆಗೆದಷ್ಟು ತಣ್ಣಗಿರಲಿ, ಬೆಣ್ಣೆ ಹಾಕುವುದಾದರೆ ಬೆಚ್ಚಗಿರಲಿ. ಮೊದಲನೆಯದು ಅಮೆರಿಕದ ಮೇನ್ ರಾಜ್ಯದ ರೀತಿ, ಎರಡನೆಯದು ಕನೆಕ್ಟಿಕಟ್‌ನದು. ಬಿಸಿ ಮಾಂಸಕ್ಕೆ ಸೇರಿದ ಮೇಯನೇಸ್ ತೆಳುವಾಗಿ ಎಣ್ಣೆ ಬಿಡುತ್ತದೆ. ತಣ್ಣಗಿನ ಮಾಂಸದ ಮೇಲೆ ಸುರಿದ ಬೆಣ್ಣೆ ಅಲ್ಲಲ್ಲೇ ಗಟ್ಟಿಯಾಗಿ ನಾಲಿಗೆಗೆ ಅಂಟುತ್ತದೆ. ಮೇನ್ ರೀತಿಗೆ, ಬೇಯಿಸಿ ಆರಿಸಿದ ಮಾಂಸವನ್ನು ಬಟ್ಟೆಯಲ್ಲಿ ಒತ್ತಿ ನೀರಿನ ಪಸೆ ತೆಗೆಯಿರಿ. ತುಂಡುಗಳಿಗೆ ಸವರಿದಂತಾಗುವಷ್ಟೇ ಮೇಯನೇಸ್ ಸಾಕು. ಸೆಲರಿ ಹಾಕುವವರೂ ಇದ್ದಾರೆ. ನನಗಂತೂ ಲಾಬ್ಸ್ಟರಿನ ಸಿಹಿಯೇ ಮುಂದಿರಬೇಕು. ಕನೆಕ್ಟಿಕಟ್ ರೀತಿಗೆ, ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿಸಿ ಬೆಂದ ಮಾಂಸವನ್ನು ಒಂದೆರಡು ನಿಮಿಷ ಹೊರಳಿಸಿ. ಬೆಣ್ಣೆ ಕುದಿಯಲು ಬಿಟ್ಟರೆ ಮಾಂಸ ಬಿಗಿದುಕೊಳ್ಳುತ್ತದೆ. ಬನ್ ಎರಡಕ್ಕೂ ಒಂದೇ: ಈ ಎರಡೂ ರಾಜ್ಯಗಳಿರುವ ನ್ಯೂ ಇಂಗ್ಲೆಂಡ್ ಪ್ರದೇಶದವರ, ಮೇಲಿನಿಂದ ಸೀಳಿದ ಬನ್. ಅದರ ಪಕ್ಕಗಳಲ್ಲಿ ಕಂದು ಹೊರಪದರ ಇರುವುದಿಲ್ಲ. ಅಲ್ಲಿಗೆ ಬೆಣ್ಣೆ ಸವರಿ ಕಾವಲಿಯ ಮೇಲಿಟ್ಟರೆ ದೋಸೆಯ ಅಂಚಿನಂತೆ ಗರಿಗರಿಯಾಗುತ್ತದೆ. ಸಿಗದಿದ್ದರೆ ಸಾಮಾನ್ಯ ಹಾಟ್ ಡಾಗ್ ಬನ್ನಿನ ಎರಡು ಪಕ್ಕಗಳನ್ನೂ ತೆಳುವಾಗಿ ಹೆರೆದುಕೊಳ್ಳಿ. ಬೆಂದ ಮೇಲೆ ಫ್ರೀಜರಿನಲ್ಲಿಟ್ಟ ಮಾಂಸಕ್ಕೆ ಮಾತ್ರ ಬೆಣ್ಣೆಯ ರೀತಿ ಒಗ್ಗುವುದಿಲ್ಲ. ಮತ್ತೆ ಬಿಸಿ ಮಾಡಿದರೆ ನಾರುನಾರಾಗುತ್ತದೆ, ತಣ್ಣಗಿನ ರೋಲಿಗೇ ಬಳಸಿ. ಹೋಟೆಲಿನಲ್ಲಿ ತಿನ್ನುವುದಾದರೆ, ಕನೆಕ್ಟಿಕಟ್‌ನಲ್ಲಿ ತಣ್ಣಗಿನದಕ್ಕೆ ಸಾಮಾನ್ಯವಾಗಿ ‘ಲಾಬ್ಸ್ಟರ್ ಸಲಾಡ್ ರೋಲ್’ ಎಂದೇ ಕೇಳಬೇಕು.